ಗ್ಯಾಸ್ ಗೀಸರ್ ಇರಲಿ, ಜೊತೆಗೆ ಬಂಬ್ ಕೂಡ ಬರಲಿ

ತಂಗಿ,

ಶಿರಸಿಯಿಂದ ಪುಣೆಗೆ ಬಂದು ಮೂರು ತಿಂಗಳಾಯಿತು, ಧಾಯರಿಯ ಬಾಡಿಗೆ ಮನೆಯಲ್ಲಿ ಗ್ಯಾಸ್ ಗೀಸರ್ ಇದೆ, ಆದರೆ ಊರಿಂದ ಬಂದ ಅತ್ತೆಗೆ ಆ ನೀರು ಮೈಗೆ ಹಿಡಿಸುತ್ತಿಲ್ಲ ಅಂತ ಬರೆದಿದ್ದೀಯ. ಹಿತ್ತಿಲಲ್ಲಿ ಒಲೆ ಹೂಡಿ ಹಂಡೆ ಇಡಬಹುದಾ, ಹೊರನಾಡಿನಲ್ಲಿ ಇದೆಲ್ಲ ನಡೆಯುತ್ತಾ ಅಕ್ಕಾ ಅಂತ ಕೇಳಿದ್ದೀಯ. ನಾನು ಧಾರವಾಡ ಬಿಟ್ಟು ಇಲ್ಲಿಗೆ ಬಂದು 28 ವರ್ಷ. ನಡೆಯುತ್ತೆ. ಆದರೆ ಬಾಡಿಗೆ ಮನೆಯಲ್ಲಿ ಒಲೆ ಕಟ್ಟಿಸೋದು ಬೇಡ. ಬಂಬ್ ತಗೋ.

ಬಂಬ್ ಅಂದ್ರೆ ಇಲ್ಲಿನ ಮರಾಠಿ ಮನೆಗಳ ನೀರೊಲೆ. ಮೂರು ಕಾಲಿನ ಮೇಲೆ ನಿಂತ ತಾಮ್ರದ ಪಾತ್ರೆ, ನಡುವೆ ಮೇಲಿಂದ ಕೆಳಗಿನವರೆಗೆ ಒಂದು ಕೊಳವೆ. ಕೊಳವೆಯ ತಳದಲ್ಲಿ ಜಾಲರಿ, ಮಗ್ಗುಲಲ್ಲಿ ನಲ್ಲಿ. ಸೌದೆ ಚೂರುಗಳನ್ನು ಮೇಲಿನಿಂದ ಕೊಳವೆಗೆ ಹಾಕಬೇಕು. ಬೆಂಕಿ ಒಳಗೆ, ಸುತ್ತಲೂ ನೀರು. ಹಂಡೆಯ ಒಲೆಯಲ್ಲಿ ಅರ್ಧ ಕಾವು ಗೋಡೆಗೆ, ಗಾಳಿಗೆ ಹೋಗುತ್ತದೆ ಅಲ್ವಾ? ಇಲ್ಲಿ ಹಾಗಿಲ್ಲ. ನಾಲ್ಕು ತೆಂಗಿನ ಕರಟ, ಒಂದು ಹಿಡಿ ನಾರು, ಬೆರಳು ದಪ್ಪದ ಒಣ ಚಕ್ಕೆಗಳಿದ್ದರೆ ಬೆಂಕಿ ಚೆನ್ನಾಗಿ ಹತ್ತಿಕೊಳ್ಳುತ್ತದೆ. ಬೂದಿ ಜಾಲರಿಯಿಂದ ತಾನೇ ಕೆಳಗೆ ಬೀಳುತ್ತದೆ.

ಒಂದು ಮಾತು ಮರೀಬೇಡ. ಮೊದಲು ನೀರು, ಆಮೇಲೆ ಬೆಂಕಿ. ಒಳಗೆ ಕಲಾಯಿ ಮಾಡಿರುತ್ತಾರೆ. ಕಲಾಯಿ ಅಂದ್ರೆ ತವರ, ಅದು 232 ಡಿಗ್ರಿಗೇ ಕರಗುತ್ತದೆ. ನೀರಿಲ್ಲದೆ ಉರಿ ಹಾಕಿದರೆ ಕಲಾಯಿ ಹೋಯಿತು, ಬೆಸುಗೆಯೂ ಬಿಡುತ್ತದೆ.

ಇನ್ನು ಗ್ಯಾಸ್ ಗೀಸರ್ ವಿಷಯ. ಇದನ್ನು ನಿಧಾನವಾಗಿ ಓದು. ನಿನ್ನ ಗೀಸರ್ ಬಚ್ಚಲಮನೆಯ ಒಳಗಿದೆಯಾ, ಹೊರಗಿದೆಯಾ? ನೀನು ಅದನ್ನು ಬರೆದಿಲ್ಲ.

ನಮ್ಮ ಮೊದಲ ಬಾಡಿಗೆ ಮನೆಯಲ್ಲಿ ಅದು ಒಳಗಿತ್ತು. ಕೂರಿಸಿದವರು ಏನೂ ಹೇಳಲಿಲ್ಲ, ನಮಗೂ ಗೊತ್ತಿರಲಿಲ್ಲ. ಜನವರಿಯ ಚಳಿ. ಗಾಳಿ ಬರುತ್ತದೆ ಅಂತ ಕಿಟಕಿಯ ಸಂದಿಗೆ ನಾನೇ ಪೇಪರ್ ತುರುಕಿದ್ದೆ. ಮಗ ಆಗ ಒಂಬತ್ತನೇ ಕ್ಲಾಸು. ಸ್ನಾನಕ್ಕೆ ಹೋದವನು ಬರಲಿಲ್ಲ. ಬಕೆಟ್ ತುಂಬಿ ನೀರು ಬಾಗಿಲ ಕೆಳಗಿಂದ ಹೊರಗೆ ಹರಿದು ಬಂತು. ಕೂಗಿದರೆ ಉತ್ತರವಿಲ್ಲ. ನಮ್ಮವರು ಚಿಲಕ ಮುರಿದರು. ಹುಡುಗ ಗೋಡೆಗೆ ಒರಗಿ ಕೂತಿದ್ದ, ಕಣ್ಣು ಅರ್ಧ ತೆರೆದಿತ್ತು, ಕೈಯಲ್ಲಿ ತಂಬಿಗೆ ಹಾಗೇ ಇತ್ತು. ಬಾಲ್ಕನಿಗೆ ಎಳೆದು ತಂದ ಮೇಲೆ ಎಚ್ಚರವಾಯಿತು. ಕಾರ್ಬನ್ ಮೊನಾಕ್ಸೈಡ್ ಅಂದರು ಡಾಕ್ಟರು. ಸಿಲಿಂಡರ್ ಗ್ಯಾಸ್ ಸೋರಿದರೆ ಮೂಗಿಗೆ ಗೊತ್ತಾಗುತ್ತದೆ, ಯಾಕೆಂದರೆ ಆ ವಾಸನೆಯನ್ನು ಬೇಕಂತಲೇ ಸೇರಿಸಿರುತ್ತಾರೆ. ಉರಿಯಿಂದ ಹುಟ್ಟುವ ಈ ವಿಷಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗಕ್ಕೆ ಅದೇ ಹೋಗಿ ಕೂರುತ್ತದೆ. ಆ ತಂಬಿಗೆ ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಅದಕ್ಕೇ ಹೇಳುತ್ತಿದ್ದೇನೆ. ಗೀಸರ್ ಒಳಗಿದ್ದರೆ ಈ ವಾರವೇ ಮನೆ ಮಾಲೀಕರಿಗೆ ಹೇಳಿ, ಗಾಳಿಯಾಡುವ ಹೊರ ಗೋಡೆಗೆ ಹಾಕಿಸು. ಬಿಸಿನೀರು ಮಾತ್ರ ಪೈಪಿನಲ್ಲಿ ಒಳಗೆ ಬರಲಿ. ಅಲ್ಲಿಯವರೆಗೆ ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಬಾಗಿಲು ಸ್ವಲ್ಪ ಹೊತ್ತು ತೆರೆದಿಟ್ಟು ಆಮೇಲೆ ಸ್ನಾನ. ಉರಿ ನೀಲಿಯಾಗಿರಬೇಕು. ಹಳದಿಯಾದರೆ ಬಳಸೋದು ನಿಲ್ಲಿಸಿ ಮೆಕ್ಯಾನಿಕ್‌ನ ಕರೆಸು.

ಬಂಬಿಗೂ ಇದೇ ಮಾತು. ಅದು ಹಿತ್ತಿಲಲ್ಲೇ ಇರಬೇಕು. ಹೊಗೆ ನಿಂತಿತು, ಬರೀ ಕೆಂಡ ಇದೆ, ಚಳಿಗೆ ಬೆಚ್ಚಗಿರಲಿ ಅಂತ ಅತ್ತೆ ಒಳಗೆ ತರಿಸಲು ನೋಡಬಹುದು. ಕೆಂಡದಿಂದಲೂ ಅದೇ ವಿಷ ಬರುತ್ತದೆ. ಸಿಲಿಂಡರ್ ಇರುವ ಕಡೆಯಿಂದ ಬಂಬ್ ದೂರ ಇಡು. ಆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲ ಹಿಡಿದು ಹರಿಯುತ್ತದೆ, ಬೆಂಕಿ ಸಿಕ್ಕರೆ ಮುಗೀತು. ಬೂದಿಯನ್ನೂ ಆಗಲೇ ಪ್ಲಾಸ್ಟಿಕ್ ಡಬ್ಬಿಗೆ ಸುರೀಬೇಡ. ಒಂದು ದಿನ ಕಬ್ಬಿಣದ ಬಾಣಲೆಯಲ್ಲಿರಲಿ, ಆಮೇಲೆ ಪಾತ್ರೆ ತಿಕ್ಕೋಕೆ ಆಗುತ್ತೆ.

ಪ್ಲೈವುಡ್ಡು, ಬಣ್ಣ ಬಳಿದ ಹಲಗೆ ಸುಡಬೇಡ. ಮಳೆಗಾಲದಲ್ಲಿ ಸೌದೆ ಹಸಿಯಾಗಿರುತ್ತದೆ, ಬರೀ ಹೊಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೀಸರೇ ಸಾಕು. ಪಕ್ಕದ ಮನೆಯಲ್ಲಿ ದಮ್ಮಿನವರಿದ್ದಾರಾ ಅಂತ ಮೊದಲು ವಿಚಾರಿಸು. ದುಡ್ಡು ಉಳಿಯುತ್ತೆ ಅಂತ ಮಾತ್ರ ಲೆಕ್ಕ ಹಾಕಬೇಡ. ಸಿಟಿಯಲ್ಲಿ ಸೌದೆ ಕೊಂಡು ತಂದರೆ ಉಳಿಯೋದು ಅಷ್ಟಕ್ಕಷ್ಟೇ. ದಿನಾ ಆಫೀಸಿನ ಗಡಿಬಿಡಿಗೆ ಗೀಸರ್, ಭಾನುವಾರಕ್ಕೆ, ಹಬ್ಬಕ್ಕೆ ಬಂಬ್. ನಮ್ಮ ಮನೆಯಲ್ಲಿ ಹೀಗೇ ನಡೆಯುತ್ತಿದೆ.

ಹೊರನಾಡು ಅಂತ ಬರೆದೆಯಲ್ಲ, ಅದಕ್ಕೊಂದು ಮಾತು. ನರಕ ಚತುರ್ದಶಿಯ ನಸುಕಿಗೆ ಇಲ್ಲೂ ಎಣ್ಣೆ ಸ್ನಾನ ಉಂಟು, ಮೈಗೆ ಉಟಣೆ ಅನ್ನೋ ಪರಿಮಳದ ಪುಡಿ ಹಚ್ಚುತ್ತಾರೆ. ನಾವು ಹಿಂದಿನ ಸಂಜೆ ಹಂಡೆ ತಿಕ್ಕಿ ನೀರು ತುಂಬುವ ಹಬ್ಬ ಮಾಡುತ್ತೇವಲ್ಲ, ನಾನು ಬಂಬಿಗೇ ಸುಣ್ಣ-ಕೆಮ್ಮಣ್ಣಿನ ಪಟ್ಟೆ ಬಳಿದು ಹೂವು ಏರಿಸುತ್ತೇನೆ. ಮೊದಲ ವರ್ಷ ಪಕ್ಕದ ಮನೆಯ ಮರಾಠಿ ಅಜ್ಜಿ ಕಾಂಪೌಂಡಿನ ಮೇಲಿಂದ ಇಣುಕಿ ನೋಡಿ, ಮರುದಿನ ನಸುಕಿನಲ್ಲಿ ಉಟಣೆಯ ಬಟ್ಟಲು ಹಿಡಿದು ಬಂದರು. ಅವರ ಬಂಬ್ ಅಟ್ಟ ಸೇರಿ ಎಷ್ಟೋ ವರ್ಷವಾಗಿತ್ತಂತೆ. ಒಂದು ಬಕೆಟ್ ನೀರು ತಗೊಂಡು ಹೋದರು.

ಕಸಬಾ ಪೇಠೆಯಲ್ಲಿ ತಾಂಬಟ್ ಆಳಿ ಅಂತ ತಾಮ್ರ ಕೆಲಸದವರ ಓಣಿ ಇದೆ. ಸುತ್ತಿಗೆ ಸಪ್ಪಳ ಕೇಳಿದರೆ ದಾರಿ ತಿಳಿಯುತ್ತೆ. ಒಂದು ದಿನ ಬೆಳಿಗ್ಗೆ ಅತ್ತೆಯನ್ನೂ ಕರೆದುಕೊಂಡು ಬಾ, ನಾನೂ ಬರುತ್ತೇನೆ. ಬೆಸುಗೆ, ಕಲಾಯಿ ಎರಡನ್ನೂ ನೋಡಿಯೇ ಆರಿಸೋಣ. ಆದರೆ ಗೀಸರ್ ಎಲ್ಲಿದೆ ಅನ್ನೋದನ್ನು ಇವತ್ತೇ ತಿಳಿಸು.