ಮುಂದಿನದನ್ನು ನೆನೆದರೆ ಬಾಯಿಚಪಲ ತಗ್ಗುತ್ತದೆಯೇ?

ಪ್ರಶ್ನೆ: ನನಗೆ 46 ವರ್ಷ. ದಾವಣಗೆರೆಯ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಸಂಜೆ ಹೊರಬಿದ್ದೊಡನೆ, ಹಸಿವಿರಲಿ ಇಲ್ಲದಿರಲಿ, ಮಂಡಕ್ಕಿ ಅಂಗಡಿಯ ಮುಂದೆ ಕಾಲು ನಿಲ್ಲುತ್ತದೆ. ಎರಡೇ ಸಾಕೆಂದುಕೊಂಡವನು ಐದಾರು ಮೆಣಸಿನಕಾಯಿ ಬಜ್ಜಿ ಮುಗಿಸಿರುತ್ತೇನೆ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದೀರಿ ಎಂದು ವೈದ್ಯರು ಎಚ್ಚರಿಸಿದ್ದಾರೆ. ಭವಿಷ್ಯವನ್ನು ಕಲ್ಪಿಸಿಕೊಂಡರೆ ಚಪಲ ತಗ್ಗುತ್ತದೆ ಎಂದು ಗೆಳೆಯರೊಬ್ಬರು ಹೇಳಿದರು. ‘ಆರೋಗ್ಯವಾಗಿರಬೇಕು’ ಎಂದು ದಿನವೂ ಅಂದುಕೊಂಡರೂ ಪ್ರಯೋಜನವಾಗಿಲ್ಲ. ಅವರ ಮಾತಿನಲ್ಲಿ ಹುರುಳಿದೆಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಹುರುಳಿದೆ, ಆದರೆ ನೀವು ಅಂದುಕೊಳ್ಳುತ್ತಿರುವುದು ತೀರಾ ಮಸುಕಾಗಿದೆ. ಈಗಲೇ ಕೈಗೆಟಕುವ ಸಣ್ಣ ಸುಖಕ್ಕೆ ಹೆಚ್ಚು ಬೆಲೆ ಕಟ್ಟಿ, ತಡವಾಗಿ ಬರುವ ದೊಡ್ಡ ಲಾಭವನ್ನು ಕಡೆಗಣಿಸುವುದು ಮನಸ್ಸಿನ ಸಹಜ ಗುಣ. ಬಾಣಲೆಯಿಂದ ಆಗತಾನೇ ಎತ್ತಿದ ಮೆಣಸಿನಕಾಯಿಗೆ ಬಿಸಿಯಿದೆ, ಘಮವಿದೆ, ಪಕ್ಕದಲ್ಲಿ ಹೆಚ್ಚಿದ ಈರುಳ್ಳಿ ಉದುರಿಸಿದ ಖಾರ ಮಂಡಕ್ಕಿಯಿದೆ. ‘ಆರೋಗ್ಯ’ ಎಂಬ ಬರಿಯ ಮಾತು ಅದರೆದುರು ನಿಲ್ಲುವುದಾದರೂ ಹೇಗೆ?

ಅಮೆರಿಕದ ಬಫಲೋ ವಿಶ್ವವಿದ್ಯಾಲಯದ ಲಿಯೊನಾರ್ಡ್ ಎಪ್ಸ್ಟೀನ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ತೂಕ ಹೆಚ್ಚಿದ್ದ 26 ಮಹಿಳೆಯರಿಗೆ ಮನಬಂದಷ್ಟು ತಿನ್ನಲು ಅವಕಾಶ ಕೊಡಲಾಗಿತ್ತು. ತಮ್ಮ ಬದುಕಿನಲ್ಲಿ ಮುಂದೆ ಬರಲಿರುವ ಸಂತಸದ ಸಂದರ್ಭಗಳನ್ನು ವಿವರವಾಗಿ ಕಲ್ಪಿಸಿಕೊಳ್ಳುತ್ತಿದ್ದವರು, ಬೇರೆಯವರ ಪ್ರವಾಸದ ಬರಹವನ್ನು ಮನಸ್ಸಿಗೆ ತಂದುಕೊಳ್ಳುತ್ತಿದ್ದವರಿಗಿಂತ ಕಡಿಮೆ ತಿಂದರು. ಕಲ್ಪಿಸಿಕೊಂಡ ಸಂದರ್ಭ ತೂಕಕ್ಕಾಗಲಿ ಪಥ್ಯಕ್ಕಾಗಲಿ ಸಂಬಂಧಿಸಿರಲೇಬೇಕೆಂದಿಲ್ಲ. ಅದು ನಿಮ್ಮದಾಗಿರಬೇಕು, ಕಣ್ಣಿಗೆ ಕಟ್ಟುವಂತಿರಬೇಕು, ಅಷ್ಟೆ.

ಮುಂದಿನ ಚಳಿಗಾಲದ ಒಂದು ಭಾನುವಾರ ಮನೆಯವರೊಡನೆ ಚಿತ್ರದುರ್ಗದ ಕೋಟೆಗೆ ಹೋಗುವುದಿದೆ ಎಂದಿಟ್ಟುಕೊಳ್ಳಿ. ಯಾವ ಬಸ್ಸು, ಪಕ್ಕದಲ್ಲಿ ಕೂತವರು ಯಾರು, ಒನಕೆ ಓಬವ್ವನ ಕಿಂಡಿಯ ಬಳಿ ಮಕ್ಕಳು ಏನು ಕೇಳುತ್ತಾರೆ, ಏದುಸಿರಿಲ್ಲದೆ ಮೇಲೇರಿ ಗೋಪಾಲಸ್ವಾಮಿ ಹೊಂಡದ ಹತ್ತಿರ ಎಲ್ಲಿ ಕುಳಿತು ಬುತ್ತಿ ಬಿಚ್ಚುತ್ತೀರಿ – ಇಷ್ಟನ್ನೂ ಈಗಲೇ ನಡೆಯುತ್ತಿರುವಂತೆ ನಿಮ್ಮದೇ ದನಿಯಲ್ಲಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಲೆಕ್ಕದ ಪುಸ್ತಕ ಮುಚ್ಚಿದ ಮೇಲೆ, ಬೀದಿಗಿಳಿಯುವ ಮೊದಲು ಕೇಳಿಸಿಕೊಳ್ಳಿ. ಎಣ್ಣೆಯ ಘಮ ಮೂಗಿಗೆ ಬಡಿದ ಮೇಲೆ ಶುರುಮಾಡಿದರೆ ಹೊತ್ತು ಮೀರಿರುತ್ತದೆ. ಒಂದೇ ಚಿತ್ರ ಕೆಲವು ದಿನಗಳಲ್ಲಿ ಸಪ್ಪೆಯಾಗಬಹುದು, ಆಗ ಬೇರೆಯದನ್ನು ಆರಿಸಿಕೊಳ್ಳಿ. ಕಾಲು ಕೊಳೆಯುವುದು, ಕಣ್ಣು ಹೋಗುವುದು ಇಂಥವನ್ನು ನೆನೆದು ಹೆದರಿಕೊಳ್ಳುವ ದಾರಿಯನ್ನು ನಾನು ಒಪ್ಪುವುದಿಲ್ಲ. ಹೆದರಿದ ಮನಸ್ಸು ಸಮಾಧಾನಕ್ಕಾಗಿ ಮತ್ತೆ ತಟ್ಟೆಯ ಕಡೆಗೇ ತಿರುಗುವುದುಂಟು.

ಆದರೂ ಆ ಅಧ್ಯಯನ ಚಿಕ್ಕದು. ಪ್ರಯೋಗಾಲಯದಲ್ಲಿ ಒಂದು ಹೊತ್ತು ಕಡಿಮೆ ತಿನ್ನುವುದಕ್ಕೂ ವರ್ಷವಿಡೀ ತೂಕ ಇಳಿಸಿಕೊಂಡಿರುವುದಕ್ಕೂ ಬಹಳ ಅಂತರವಿದೆ. ಮಧ್ಯಾಹ್ನ ಒಂದು ಗಂಟೆಗೆ ಉಂಡವರಿಗೆ ಸಂಜೆ ಏಳಕ್ಕೆ ಆಗುವುದು ಚಪಲವಲ್ಲದೆ ನಿಜವಾದ ಹಸಿವೂ ಆಗಿರಬಹುದು. ಆದ್ದರಿಂದ ನಾಲ್ಕೂವರೆಯ ಸುಮಾರಿಗೆ ಒಂದು ಹಿಡಿ ಹುರಿಗಡಲೆಯನ್ನೋ ಮೊಳಕೆ ಕಾಳನ್ನೋ ತಿನ್ನಿ. ಬಚ್ಚಿಟ್ಟು ತಿನ್ನುವುದು, ಹೊಟ್ಟೆ ನೋಯುವಷ್ಟು ತಿಂದರೂ ನಿಲ್ಲಿಸಲಾಗದಿರುವುದು, ಆಮೇಲೆ ವಾಂತಿ ಮಾಡಿಕೊಳ್ಳುವುದು ಇದ್ದರೆ ಈ ಉಪಾಯ ನೆಚ್ಚಿ ಕೂರದೆ ಮನೋವೈದ್ಯರನ್ನು ಕಾಣಿ. ಎಚ್‌ಬಿಎ1ಸಿ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವುದರಿಂದ, ಈಗೊಮ್ಮೆ ಮತ್ತು ಮೂರು ತಿಂಗಳ ಬಳಿಕ ಇನ್ನೊಮ್ಮೆ ಅದನ್ನು ಮಾಡಿಸುವ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ.