ಕೇಳಿ ನೋಡಿ: ಮಾರ್ಕರ್ ಪೆನ್ನು ಯಾವಾಗಲೂ ನಿನ್ನ ಕೈಗೇ ಯಾಕೆ ಬರುತ್ತದೆ?

ಜೂನ್ ಬಂತೆಂದರೆ ನನಗೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಎಂಬಿಎ ಬಗ್ಗೆ. ಸೀಟು ಸಿಕ್ಕವರು, ಸಿಗದವರು, ಸಿಕ್ಕಿ ಕಂಗಾಲಾದವರು. ಈ ಸಲದ ಪತ್ರಗಳು ಬಹುಪಾಲು ಹುಡುಗಿಯರವು, ಇಲ್ಲವೇ ಹುಡುಗಿಯರ ಬಗ್ಗೆ. ಸೋಪು, ಶಾಂಪೂ ಮಾರಿಸುತ್ತಾ ಗದಗ, ಕೊಪ್ಪಳದ ಅಂಗಡಿ ಬೀದಿಗಳನ್ನು ಸುತ್ತಿ, ಆಮೇಲೆ ಬೆಂಗಳೂರಿನಲ್ಲಿ ಪಾಠಕ್ಕೆ ನಿಂತವಳು ನಾನು. ಕಂಡಿದ್ದನ್ನು ಕಂಡ ಹಾಗೆ ಹೇಳುತ್ತೇನೆ.

ಮೇಡಂ, ಹತ್ತನೇ ತರಗತಿವರೆಗೆ ನಾನು ಕನ್ನಡ ಮಾಧ್ಯಮ. ಈಗ ಬೆಂಗಳೂರಿನಲ್ಲಿ ಎಂಬಿಎ ಮೊದಲ ವರ್ಷ. ಕ್ಲಾಸಿನಲ್ಲಿ ಮಾತಾಡಿದ್ದಕ್ಕೇ ಶೇ. 25 ಅಂಕ. ಓದಿಕೊಂಡೇ ಹೋಗಿರುತ್ತೇನೆ. ನಾನು ಕೈ ಎತ್ತುವಷ್ಟರಲ್ಲಿ ಯಾರೋ ಅದನ್ನೇ ಹೇಳಿ ಮುಗಿಸಿರುತ್ತಾರೆ. ಗ್ರೂಪ್ ಕೆಲಸದಲ್ಲಿ ಪಿಪಿಟಿ ನನ್ನದು, ಮಾತು ಹುಡುಗರದು. ಎಲ್ಲರೂ 'ಧೈರ್ಯ ತಂದುಕೋ' ಅನ್ನುತ್ತಾರೆ. ಎಲ್ಲಿಂದ ತರಲಿ? – ದಾವಣಗೆರೆಯ ಹುಡುಗಿ

ಧೈರ್ಯ ಇಲ್ಲದವಳು ದಾವಣಗೆರೆ ಬಿಟ್ಟು ಬಂದು ಬೆಂಗಳೂರಿನ ಪಿಜಿಯಲ್ಲಿ ಒಬ್ಬಳೇ ಇರುತ್ತಿದ್ದಳಾ? ಆ ಮಾತು ಬಿಡು.

ಇದು ಕನ್ನಡ ಮಾಧ್ಯಮದ ಕಷ್ಟ ಅಂತಲೂ ಅಂದುಕೊಳ್ಳಬೇಡ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ತನ್ನ ಎರಡು ವರ್ಷದ ಎಂಬಿಎಗೆ ಹೆಂಗಸರನ್ನು ಸೇರಿಸಿಕೊಂಡಿದ್ದೇ 1963ರಲ್ಲಿ, ಅದೂ 8 ಜನರನ್ನು. ಮುಂದೆ ಸಂಖ್ಯೆಯೇನೋ ಬೆಳೆಯಿತು. ಆದರೆ ಹುಡುಗರಷ್ಟೇ ಒಳ್ಳೆ ಅಂಕ ಹಿಡಿದು ಸೇರಿದ ಹುಡುಗಿಯರು ಒಳಗೆ ಬಂದ ಮೇಲೆ ಹಿಂದೆ ಬೀಳುತ್ತಿದ್ದರು. ಅವರಲ್ಲಿ ಬಹಳ ಜನಕ್ಕೆ ಇಂಗ್ಲಿಷೇ ಮನೆಮಾತು. ಹಾಗಿದ್ದರೂ! ಅಲ್ಲಿ ಅರ್ಧದಷ್ಟು ಅಂಕ ಕ್ಲಾಸಿನಲ್ಲಿ ಆಡಿದ ಮಾತಿಗೆ. ಕಿಕ್ಕಿರಿದ ಕ್ಲಾಸು ಮುಗಿಸಿ, ಯಾರು ಏನು ಹೇಳಿದರು ಅಂತ ಮೇಷ್ಟ್ರು ನೆನಪಿನ ಮೇಲೆ ಅಂಕ ಹಾಕಬೇಕು. ನೆನಪಿನಲ್ಲಿ ಉಳಿಯುವುದು ಜೋರು ದನಿ ತಾನೇ?

2010ರಲ್ಲಿ ನಿತಿನ್ ನೊಹ್ರಿಯಾ ಅಲ್ಲಿ ಡೀನ್, ಅಂದರೆ ಸ್ಕೂಲಿನ ಮುಖ್ಯಸ್ಥರಾದರು. ಯಾರು ಏನಂದರು ಅಂತ ಬರೆದುಕೊಳ್ಳಲು ಕ್ಲಾಸಿನಲ್ಲೇ ಜನ ಕೂರಿಸಿದರು. ಕೈ ಎತ್ತುವುದು ಹೇಗೆ ಅನ್ನುವುದನ್ನೂ ಹುಡುಗಿಯರಿಗೆ ಹೇಳಿಕೊಟ್ಟರು. ಓದುವ ಗುಂಪುಗಳನ್ನು ಸ್ಕೂಲೇ ಹಂಚಿತು. 2013ರ ಬ್ಯಾಚು ಹೊರಬಿದ್ದಾಗ, ಮೇಲಿನ ಶೇ. 5 ವಿದ್ಯಾರ್ಥಿಗಳಿಗೆ ಕೊಡುವ ಗೌರವ ಪಡೆದವರಲ್ಲಿ ಸುಮಾರು ಶೇ. 40 ಹುಡುಗಿಯರು. ಎರಡೇ ವರ್ಷದಲ್ಲಿ ಹುಡುಗಿಯರಿಗೆ ಬುದ್ಧಿ ಬಂತಾ? ಅದು ಮೊದಲೂ ಇತ್ತು, ಲೆಕ್ಕಕ್ಕೆ ಸಿಗುತ್ತಿರಲಿಲ್ಲ ಅಷ್ಟೇ.

ನಿನ್ನ ಕಾಲೇಜು ಬರೆದುಕೊಳ್ಳುವವರನ್ನು ಕೂರಿಸುವವರೆಗೆ ಕಾಯೋಕಾಗಲ್ಲ. ಕೇಸ್ (ಪಾಠಕ್ಕೆ ಕೊಡುವ ಕಂಪನಿಯ ಕಥೆ) ಓದುವಾಗ ಕೊನೆಯ ಪುಟಗಳ ಎಕ್ಸಿಬಿಟ್‌ಗಳಿಂದ, ಅಂದರೆ ಅಂಕಿಗಳ ಪಟ್ಟಿಗಳಿಂದ ಶುರು ಮಾಡು. ಬಹಳ ಜನ ಅಲ್ಲಿಗೆ ಹೋಗುವುದೇ ಇಲ್ಲ. ಅಲ್ಲಿಂದ ಒಂದು ಅಂಕಿ ತೆಗೆ. 'ಮೂರು ವರ್ಷದಲ್ಲಿ ಮಾರಾಟ ಏರಿದೆ, ಆದರೆ ಬಾಕಿ ವಸೂಲಿಯ ದಿನಗಳೂ ಏರಿವೆ' ಅನ್ನುವಂಥದ್ದು. ಅಭಿಪ್ರಾಯವನ್ನು ಯಾರು ಬೇಕಾದರೂ ನಿನಗಿಂತ ಮೊದಲು ಹೇಳಿಬಿಡಬಹುದು, ನೀನೇ ಕೂತು ಹಾಕಿದ ಲೆಕ್ಕವನ್ನು ಹಾಗೆ ಕಸಿದುಕೊಳ್ಳೋಕಾಗಲ್ಲ. ಕ್ಲಾಸಿನ ಮೊದಲ ಹತ್ತು ನಿಮಿಷದಲ್ಲೇ ಅದನ್ನು ಹೇಳಿ ಕೂತುಬಿಡು. ವ್ಯಾಕರಣ ತಪ್ಪಿದರೆ ತಪ್ಪಲಿ. ಅಂಕಿಗೆ ವ್ಯಾಕರಣ ಇಲ್ಲ.

ಇನ್ನು ಗ್ರೂಪ್ ಕೆಲಸ. ನಾನು ವರ್ಷಗಟ್ಟಲೆ ನೋಡಿದ ದೃಶ್ಯ ಇದು. ಐದು ಜನ ವೈಟ್‌ಬೋರ್ಡ್ ಮುಂದೆ ಸೇರುತ್ತಾರೆ. 'ನಿಮ್ಮ ಹ್ಯಾಂಡ್‌ರೈಟಿಂಗ್ ಚೆನ್ನಾಗಿದೆ, ನೀವೇ ಬರೀರಿ' ಅಂತ ಮಾರ್ಕರ್ ಪೆನ್ನು ಹುಡುಗಿಯ ಕೈಗೆ ಹೋಗುತ್ತದೆ. ಕೊಡುವವನಿಗೆ ಕೆಟ್ಟ ಉದ್ದೇಶ ಏನೂ ಇರಲ್ಲ. ಅಲ್ಲಿಂದ ಮುಂದೆ ಅವಳ ಬೆನ್ನು ಗುಂಪಿಗೆ, ಮುಖ ಗೋಡೆಗೆ. ಬರೆಯುತ್ತಾ ಬರೆಯುತ್ತಾ ಯೋಚಿಸಲಾರಳು, ಯೋಚಿಸಿದರೂ ನಡುವೆ ಬಾಯಿ ಹಾಕಲಾರಳು. ಬೋರ್ಡಿನಲ್ಲಿ ಬರೆದದ್ದೇ ಆಮೇಲೆ ಪಿಪಿಟಿ ಆಗುತ್ತದೆ, ಅದೂ ಅವಳ ತಲೆಗೇ. ಮುಂದಿನ ಸಲ ಪೆನ್ನು ಚಾಚಿದಾಗ 'ಹೋದ ಸಲ ನಾನು ಬರೆದೆ, ಇವತ್ತು ನಿನ್ನ ಸರದಿ' ಅನ್ನು. ನಗುತ್ತಲೇ ಅನ್ನು, ಪೆನ್ನು ಮಾತ್ರ ಮುಟ್ಟಬೇಡ. ಮೊದಲ ಮೀಟಿಂಗಿನಲ್ಲೇ ಯಾರು ಬರೆಯುವುದು, ಯಾರು ಲೆಕ್ಕ ಮಾಡುವುದು, ಯಾರು ಕ್ಲಾಸಿನ ಮುಂದೆ ಹೇಳುವುದು ಅಂತ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿಬಿಡು.

ಒಬಾಮಾ ಅಧ್ಯಕ್ಷರಾಗಿದ್ದಾಗ ವೈಟ್ ಹೌಸಿನ ಮಹಿಳಾ ಅಧಿಕಾರಿಗಳು ಒಂದು ಉಪಾಯ ಮಾಡಿಕೊಂಡಿದ್ದರು. ಸಭೆಯಲ್ಲಿ ಒಬ್ಬಾಕೆ ಏನಾದರೂ ಒಳ್ಳೆಯದು ಹೇಳಿದರೆ ಇನ್ನೊಬ್ಬಾಕೆ ಆಕೆಯ ಹೆಸರು ಹಿಡಿದು ಅದನ್ನೇ ಮತ್ತೆ ಹೇಳುವುದು. ಆಮೇಲೆ ಆ ಮಾತನ್ನು ಬೇರೆಯವರು ತಮ್ಮದು ಅನ್ನೋಕಾಗಲ್ಲ ಅಲ್ವಾ? ಕ್ಲಾಸಿನಲ್ಲಿ ನಿನಗೊಬ್ಬಳು ಜೊತೆಗಾತಿ ಸಿಕ್ಕರೆ ಸಾಕು.

ನಾವು ಶಿರಸಿ ಕಡೆಯ ಅಡಿಕೆ ಬೆಳೆಗಾರರು. ಮಗಳಿಗೆ ಹೆಸರಾಂತ ಸಂಸ್ಥೆಯೊಂದರಲ್ಲಿ ಸೀಟು ಸಿಕ್ಕಿದೆ. ಫೀಸು ಎರಡು ವರ್ಷಕ್ಕೆ 25 ಲಕ್ಷದ ಹತ್ತಿರ. 'ಆ ದುಡ್ಡಲ್ಲಿ ಮದುವೆ ಮುಗಿಸು, ಸಾಲ ಹೊತ್ತ ಹುಡುಗಿಯನ್ನು ಯಾರು ಮಾಡಿಕೊಳ್ತಾರೆ' ಅಂತ ನೆಂಟರು ಹೇಳುತ್ತಿದ್ದಾರೆ. ಏನು ಮಾಡಲಿ? – ಒಬ್ಬ ತಂದೆ

ನೆಂಟರು ಫೀಸು ಕಟ್ಟುತ್ತಾರಾ? ಇಲ್ಲ ತಾನೇ. ಹಾಗಾದರೆ ಬ್ಯಾಂಕಿನ ಮಾತಾಡೋಣ.

ಶಿಕ್ಷಣ ಸಾಲದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಗೆ ಕೇಂದ್ರ ಸಂಪುಟ 2024ರ ನವೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಪಟ್ಟಿಯಲ್ಲಿರುವ ಒಳ್ಳೆಯ ಸಂಸ್ಥೆಗಳಲ್ಲಿ ಅರ್ಹತೆಯ ಮೇಲೆ ಸೀಟು ಸಿಕ್ಕವರಿಗೆ ಅಡಮಾನವೂ ಬೇಡ, ಜಾಮೀನುದಾರರೂ ಬೇಡ. ನಿಮ್ಮ ಮಗಳ ಸಂಸ್ಥೆ ಪಟ್ಟಿಯಲ್ಲಿ ಇದೆಯಾ ಅಂತ ಮೊದಲು ಯೋಜನೆಯ ಪೋರ್ಟಲ್‌ನಲ್ಲಿ ನೋಡಿ, ಅರ್ಜಿಯೂ ಅಲ್ಲೇ. ಕುಟುಂಬದ ವರ್ಷದ ಆದಾಯ 8 ಲಕ್ಷದೊಳಗಿದ್ದು ಬೇರೆ ಸರ್ಕಾರಿ ವಿದ್ಯಾರ್ಥಿವೇತನ ಅಥವಾ ಬಡ್ಡಿ ಸಹಾಯ ಇಲ್ಲದಿದ್ದರೆ, 10 ಲಕ್ಷದವರೆಗಿನ ಸಾಲಕ್ಕೆ ಓದುವ ಅವಧಿಯಲ್ಲಿ ಶೇ. 3 ಬಡ್ಡಿ ಸಹಾಯಕ್ಕೆ ಅರ್ಜಿ ಹಾಕಬಹುದು. ಕೆಲವು ಸರ್ಕಾರಿ ಬ್ಯಾಂಕುಗಳು ಹೆಣ್ಣುಮಕ್ಕಳಿಗೆ ಬಡ್ಡಿಯಲ್ಲಿ ಅರ್ಧ ಪರ್ಸೆಂಟ್ ಇಳಿಸುತ್ತವೆ. ಮ್ಯಾನೇಜರ್ ತಾವಾಗಿ ಹೇಳದೆ ಇರಬಹುದು, ನೀವೇ ಬಾಯಿ ಬಿಟ್ಟು ಕೇಳಿ.

ಲೆಕ್ಕ ಹೀಗಿದೆ: 25 ಲಕ್ಷಕ್ಕೆ ಶೇ. 10 ಬಡ್ಡಿ, 10 ವರ್ಷ ಅಂದರೆ ತಿಂಗಳಿಗೆ ಸುಮಾರು 33,000 ರೂಪಾಯಿ ಕಂತು. ಓದುವಾಗ ಕಂತು ಇರಲ್ಲ, ಬಡ್ಡಿ ಮಾತ್ರ ಸುಮ್ನೆ ಕೂರಲ್ಲ. ಅಡಿಕೆ ದುಡ್ಡು ಬಂದಾಗ ಆ ಬಡ್ಡಿಯನ್ನಷ್ಟೇ ಕಟ್ಟುತ್ತಾ ಹೋದರೆ ಕಂತು ಇಷ್ಟರಲ್ಲೇ ನಿಲ್ಲುತ್ತದೆ. ಸಂಸ್ಥೆಯ ಪ್ಲೇಸ್‌ಮೆಂಟ್ ವರದಿಯಲ್ಲಿ ಸರಾಸರಿ ಸಂಬಳ ನೋಡಬೇಡಿ. ಒಂದಿಬ್ಬರಿಗೆ ಕೋಟಿ ಸಿಕ್ಕರೆ ಸರಾಸರಿ ಉಬ್ಬಿಬಿಡುತ್ತದೆ. ಮೀಡಿಯನ್ ನೋಡಿ, ಅಂದರೆ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಂತವರ ಸಂಬಳ. ಅದನ್ನು ತಿಂಗಳ ಲೆಕ್ಕಕ್ಕೆ ತಂದು, 33,000 ಕಳೆದು ಮಗಳು ಬೆಂಗಳೂರಲ್ಲೋ ಮುಂಬೈಯಲ್ಲೋ ಬದುಕಬಲ್ಲಳಾ ಅಂತ ಅವಳ ಜೊತೆಗೇ ಕೂತು ಲೆಕ್ಕ ಹಾಕಿ. ಸಾಲದ ಕಾಗದಕ್ಕೆ ಮೊದಲ ಸಹಿ ಅವಳದೇ ಅಲ್ವಾ?

ಮದುವೆಯ ಮಾತು: ಸಾಲ ಇದೆ ಅಂತ ಬೇಡ ಅನ್ನುವ ಗಂಡು ತಾನಾಗೇ ದೂರ ಆದರೆ ನಿಮಗೆ ಹುಡುಕುವ ಕೆಲಸ ಕಡಿಮೆ ಆಯಿತು.

ಹುಡುಗಿಯರಿಗೆ ಐಐಎಂಗಳಲ್ಲಿ ಹೆಚ್ಚುವರಿ ಅಂಕ ಕೊಡುತ್ತಾರೆ. ಕಷ್ಟಪಟ್ಟು ಕ್ಯಾಟ್ ಪ್ರವೇಶ ಪರೀಕ್ಷೆ ಬರೆದ ನಮಗೆ ಇದು ಅನ್ಯಾಯ ಅಲ್ವಾ? – ಮಂಡ್ಯದ ಇಂಜಿನಿಯರ್

ನೋಡಪ್ಪ, ಹಲವು ಐಐಎಂಗಳು ಅಂಕ ಕೊಡುವುದು ಹೌದು. ಕ್ಯಾಟ್ ಬರೆಯುವವರಲ್ಲಿ ಹುಡುಗಿಯರು ಇನ್ನೂ ಮೂರನೇ ಒಂದರ ಆಸುಪಾಸಿನಲ್ಲಿದ್ದಾರೆ. ಇಂಜಿನಿಯರಿಂಗ್ ಓದದವರಿಗೂ ಕೆಲವು ಕಡೆ ಅಂಕ ಇದೆ. ಕೆಲಸದ ಅನುಭವಕ್ಕೂ ಇದೆ. ಐಟಿ ಕಂಪನಿಯಲ್ಲಿ ಕಳೆದ ಎರಡು ವರ್ಷಕ್ಕೆ ನಿನಗೆ ಅಂಕ ಸಿಕ್ಕಿದಾಗ ಅನ್ಯಾಯ ಅನ್ನಿಸಿತ್ತಾ? 2013ರಲ್ಲಿ ಕೋಯಿಕ್ಕೋಡ್ ಐಐಎಂಗೆ ಸೇರಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಹುಡುಗಿಯರಿದ್ದರು. ಸಂಸ್ಥೆ ಮುಳುಗಿಹೋಗಲಿಲ್ಲ. ನಿನ್ನ ಸಿಟ್ಟಿಗೆ ಕಾರಣ ಬೇಕಾದರೆ ಲಕ್ಷಾಂತರ ಜನಕ್ಕೆ ಕೆಲವೇ ಸಾವಿರ ಒಳ್ಳೆ ಸೀಟು ಇವೆಯಲ್ಲ, ಅದರ ಮೇಲೆ ಸಿಟ್ಟಾಗು. ನಾನೂ ಜೊತೆಗೆ ಬರುತ್ತೇನೆ.

ಸಮ್ಮರ್ ಇಂಟರ್ನ್‌ಶಿಪ್‌ನಲ್ಲಿದ್ದೇನೆ. ಮೇಲಿನವರದು ರಾತ್ರಿ ಮೆಸೇಜು, ಡಿನ್ನರ್‌ಗೆ ಬಾ ಅಂತ ಒತ್ತಾಯ. 'ಪಿಪಿಒ (ಇಂಟರ್ನ್‌ಶಿಪ್ ಮುಗಿದ ಮೇಲೆ ಕಂಪನಿ ಕೊಡುವ ಕೆಲಸ) ನನ್ನ ಕೈಲಿದೆ' ಅನ್ನುತ್ತಾರೆ. ನಾನು ಆ ಕಂಪನಿಯ ನೌಕರಳೂ ಅಲ್ಲ. ಯಾರಿಗೆ ಹೇಳಲಿ? – ಹೆಸರು ಬೇಡ

ಮೊದಲು ಫೋನಿನಲ್ಲಿ ಇರುವುದೆಲ್ಲ ಹಾಗೇ ಇರಲಿ. ಒಂದು ಮೆಸೇಜನ್ನೂ ಅಳಿಸಬೇಡ. ಸ್ಕ್ರೀನ್‌ಶಾಟ್ ತೆಗೆದು ನಂಬಿಕೆಯವರೊಬ್ಬರಿಗೆ ಈಮೇಲ್ ಮಾಡು. ಇವತ್ತೇ ಮಾಡು.

ನೌಕರಳಲ್ಲ ಅನ್ನುವ ಚಿಂತೆ ಬೇಡ. ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಇಂಟರ್ನ್‌ಗಳಿಗೂ ಅನ್ವಯಿಸುತ್ತದೆ. 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು, ಅಧ್ಯಕ್ಷತೆ ಹಿರಿಯ ಹುದ್ದೆಯ ಮಹಿಳೆಯದು. ಅಷ್ಟು ಜನ ಇಲ್ಲದ ಕಡೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಘಟನೆ ನಡೆದ, ಪದೇ ಪದೇ ನಡೆದಿದ್ದರೆ ಕೊನೆಯದು ನಡೆದ ದಿನದಿಂದ 3 ತಿಂಗಳೊಳಗೆ ದೂರನ್ನು ಬರವಣಿಗೆಯಲ್ಲಿ ಕೊಡಬೇಕು. ತಡವಾಗಿದ್ದಕ್ಕೆ ಸರಿಯಾದ ಕಾರಣ ಇದ್ದರೆ ಸಮಿತಿ ಇನ್ನೂ 3 ತಿಂಗಳು ಅವಕಾಶ ಕೊಡಬಹುದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಅಲ್ಲಿಯವರೆಗೆ ಬೇರೆ ವಿಭಾಗಕ್ಕೆ ಹಾಕಿ ಅಂತಲೂ ಕೇಳಬಹುದು. ನಿನ್ನ ಕಾಲೇಜಿನಲ್ಲೂ ಇಂಥದ್ದೇ ಸಮಿತಿ ಇದೆ, ಅವರಿಗೂ ತಿಳಿಸು. ಪ್ಲೇಸ್‌ಮೆಂಟ್ ಆಫೀಸಿನವರು 'ಕಂಪನಿ ಮುಂದಿನ ವರ್ಷ ಬರಲ್ಲ, ಸುಮ್ನಿರು' ಅಂದರೆ ಆ ಮಾತನ್ನೂ ತಾರೀಕು ಹಾಕಿ ಬರೆದಿಟ್ಟುಕೋ.

ನಾನು ಎಂಬಿಎ ವಿಭಾಗದ ಮುಖ್ಯಸ್ಥ. ಪ್ರತಿ ವರ್ಷ ಮಾರ್ಚ್ 8ರ ಮಹಿಳಾ ದಿನಕ್ಕೆ ಮುಖ್ಯ ಅತಿಥಿಯನ್ನು ಕರೆದು, ರೋಜಾ ಹೂವು, ಕಾಫಿ ಕಪ್ಪು ಕೊಡುತ್ತೇವೆ. ವಿದ್ಯಾರ್ಥಿನಿಯರಿಗೆ ಇನ್ನೇನಾದರೂ ಮಾಡಬೇಕು ಅನ್ನಿಸಿದೆ. – ಕಲಬುರಗಿ

ಸರ್, ಅನ್ನಿಸಿತಲ್ಲ, ಸಂತೋಷ. ಕಪ್ಪು ನನ್ನ ಮನೆಯಲ್ಲೂ ಒಂದು ಕಪಾಟು ತುಂಬ ಇವೆ.

ನಿಮ್ಮ ಸಿಲಬಸ್ಸಿನ ಕೇಸ್‌ಗಳನ್ನು ಹರಡಿಕೊಂಡು, ಎಷ್ಟರಲ್ಲಿ ನಿರ್ಧಾರ ತೆಗೆದುಕೊಳ್ಳುವ ಪಾತ್ರ ಹೆಣ್ಣಿನದು ಅಂತ ಎಣಿಸಿ. ಮೊದಲು ಹೇಳಿದ ನೊಹ್ರಿಯಾ 2014ರ ಜನವರಿಯಲ್ಲಿ ತಮ್ಮ ಸ್ಕೂಲ್ ಹೆಂಗಸರನ್ನು ನಡೆಸಿಕೊಂಡ ರೀತಿಗೆ ಎಲ್ಲರ ಮುಂದೆ ಕ್ಷಮೆ ಕೇಳಿದರು. ಆಗ ಅಲ್ಲಿನ ಕೇಸ್‌ಗಳಲ್ಲಿ ಹೆಣ್ಣು ಮುಖ್ಯಪಾತ್ರವಾಗಿದ್ದದ್ದು ಸುಮಾರು ಶೇ. 9ರಲ್ಲಿ. ಐದು ವರ್ಷದಲ್ಲಿ ಶೇ. 20ಕ್ಕೆ ತರುತ್ತೇವೆ ಅಂದರು. ಅದೇ ಅವರಿಗೆ ದೊಡ್ಡ ಗುರಿ!

ನಮಗೆ ಸರಕು ಬೇಕಾದಷ್ಟಿದೆ. 1959ರಲ್ಲಿ ಮುಂಬೈಯ ಗಿರ್‌ಗಾಂವ್‌ನಲ್ಲಿ 7 ಹೆಂಗಸರು 80 ರೂಪಾಯಿ ಸಾಲ ತಂದು ಶುರು ಮಾಡಿದ ಲಿಜ್ಜತ್ ಪಾಪಡ್‌ನಲ್ಲಿ ಹಪ್ಪಳ ಒತ್ತುವವರೇ ಮಾಲೀಕರು. ಕಾಸ್ಟಿಂಗ್, ಅಂದರೆ ವೆಚ್ಚದ ಲೆಕ್ಕ ಕಲಿಸಲು ಇನ್ನೇನು ಬೇಕು? 1978ರಲ್ಲಿ ಬೆಂಗಳೂರಿನ ಬಾಡಿಗೆ ಗ್ಯಾರೇಜಿನಲ್ಲಿ 10,000 ರೂಪಾಯಿಯಿಂದ ಬಯೋಕಾನ್ ಅನ್ನುವ ಜೈವಿಕ ತಂತ್ರಜ್ಞಾನ ಕಂಪನಿ ಶುರು ಮಾಡಿದ ಕಿರಣ್ ಮಜುಂದಾರ್‌ಗೆ ಬ್ಯಾಂಕುಗಳು ಸಾಲ ಕೊಡಲು ಹಿಂದೆಮುಂದೆ ನೋಡಿದವು. ನೀವೇ ಆ ಬ್ಯಾಂಕ್ ಮ್ಯಾನೇಜರ್ ಅಂತ ಹುಡುಗರನ್ನು ಕೂರಿಸಿ, ಯಾಕೆ ಕೊಡಲ್ಲ ಅಂತ ಕೇಳಿ.

ಅತಿಥಿ ಬೇಕೇ ಬೇಕು ಅಂದರೆ ಅಕ್ಟೋಬರ್‌ನಲ್ಲಿ ಕರೆಯಿರಿ. 2013ರ ಕಂಪನಿ ಕಾಯ್ದೆ ಬಂದ ಮೇಲೆ ಷೇರುಪೇಟೆಯಲ್ಲಿರುವ ಪ್ರತಿ ಕಂಪನಿಯ ಮಂಡಳಿಯಲ್ಲೂ ಒಬ್ಬ ಮಹಿಳೆಯಾದರೂ ಇರಲೇಬೇಕು. ಹಾಗಾಗಿ ಜನ ಸಿಗಲ್ಲ ಅನ್ನುವ ಹಾಗಿಲ್ಲ. ಮಹಿಳಾ ಸಬಲೀಕರಣದ ಬಗ್ಗೆ ಮಾತಾಡಿಸಬೇಡಿ, ವರ್ಕಿಂಗ್ ಕ್ಯಾಪಿಟಲ್ (ದಿನದಿನದ ವ್ಯವಹಾರಕ್ಕೆ ಬೇಕಾದ ದುಡ್ಡು) ಬಗ್ಗೆ ಮಾತಾಡಿಸಿ. ಕಂಪನಿಗಳ ಪ್ಲೇಸ್‌ಮೆಂಟ್ ಟಾಕ್ ರಾತ್ರಿ ಒಂಬತ್ತಕ್ಕೆ ಮುಗಿಯುವ ದಿನ ಹಾಸ್ಟೆಲಿನಲ್ಲಿ ಇರದ ಹುಡುಗಿಯರಿಗೆ ಒಂದು ವ್ಯಾನ್ ನಿಲ್ಲಿಸಿ. ಕಪ್ಪಿನ ದುಡ್ಡು ಅದರ ಡೀಸೆಲ್‌ಗೆ ಹೋಗಲಿ.

ಇಂಟರ್‌ವ್ಯೂಗೆ ಸೀರೆ ಉಡಬಹುದಾ, ಸೂಟೇ ಹಾಕಬೇಕಾ? – ಮೈಸೂರು

ನಿನಗೆ ಯಾವುದರಲ್ಲಿ ನೆಮ್ಮದಿಯೋ ಅದು. ಮುಂದೆ ಪೆಪ್ಸಿಕೋ ಮುಖ್ಯಸ್ಥೆಯಾದ ಇಂದ್ರಾ ನೂಯಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಅಗ್ಗದ ಸೂಟು ಕೊಂಡು ಇಂಟರ್‌ವ್ಯೂಗೆ ಹೋದರು. ಅಳತೆ ಸರಿಯಿಲ್ಲದೆ ಮುಜುಗರಪಟ್ಟರು. ಮುಂದಿನದಕ್ಕೆ ಸೀರೆ ಉಟ್ಟು ಹೋದರು, ಕೆಲಸ ಸಿಕ್ಕಿತು. ಸೀರೆಯಾದರೆ ಮೈಸೂರು ಸಿಲ್ಕ್ ಬೇಡ, ಜಾರುತ್ತದೆ. ಕಾಟನ್ ಉಡು. ಹಿಂದಿನ ದಿನ ಅದನ್ನೇ ಉಟ್ಟುಕೊಂಡು ಲ್ಯಾಪ್‌ಟಾಪ್ ಬ್ಯಾಗ್ ಹೆಗಲಿಗೆ ಹಾಕಿ ಎರಡು ಮಹಡಿ ಮೆಟ್ಟಿಲು ಹತ್ತಿ ನೋಡು. ಬ್ಯಾಗಿನ ಪಟ್ಟಿ ಸೆರಗನ್ನು ಎಳೆಯುತ್ತೆ, ಅದಕ್ಕೆ ಸೇಫ್ಟಿ ಪಿನ್ ಎರಡು ಹೆಚ್ಚಿಗೆ ಇಟ್ಟುಕೋ.