ಗಾಯದ ಪಟ್ಟಿಗಾಗಿ ಬ್ಯಾಕ್ಟೀರಿಯಾ ಸೆಲ್ಯುಲೋಸ್ ಬೆಳೆಸುತ್ತಿದ್ದೇನೆ, ಪದರ ತೆಳುವಾಗಿಯೇ ಉಳಿಯುತ್ತದೆ. ಏಕೆ?

ಮೊದಲು ಪಿಎಚ್ ನೋಡಿ. ಈ ಸೆಲ್ಯುಲೋಸ್ ತಯಾರಿಸುವ ಬ್ಯಾಕ್ಟೀರಿಯಾ, ಕೊಮಗಟೈಬ್ಯಾಕ್ಟರ್ ಕ್ಸೈಲಿನಸ್, ಗ್ಲೂಕೋಸಿನ ಬಹುಪಾಲನ್ನು ಸೆಲ್ಯುಲೋಸ್ ನೂಲಾಗಿಸದೆ ಗ್ಲೂಕೋನಿಕ್ ಆಮ್ಲವಾಗಿಸಿಬಿಡುತ್ತದೆ. ಪಿಎಚ್ 4ಕ್ಕಿಂತ ಕೆಳಗಿಳಿದರೆ ಇಳುವರಿ ಕುಸಿಯುತ್ತದೆ. ಸಕ್ಕರೆ ಹೆಚ್ಚಿಸಿದರೆ ಆಮ್ಲವೂ ಹೆಚ್ಚುತ್ತದೆ, ಇಲ್ಲೇ ಹಲವರು ಎಡವುವುದು. ಗ್ಲೂಕೋಸಿನ ಒಂದು ಭಾಗದ ಬದಲು ಗ್ಲಿಸರಾಲ್ ಹಾಕಿ ನೋಡಿ.

ಇದನ್ನು ಬೆಳೆಸುವ ಪೋಷಕ ದ್ರವವಾದ ಹೆಸ್ಟ್ರಿನ್-ಶ್ರಾಮ್ ಮಾಧ್ಯಮದ ಲೆಕ್ಕ, ಲೀಟರಿಗೆ: ಗ್ಲೂಕೋಸ್ 20 ಗ್ರಾಂ, ಪೆಪ್ಟೋನ್ 5, ಯೀಸ್ಟ್ ಸಾರ 5, ಡೈಸೋಡಿಯಂ ಫಾಸ್ಫೇಟ್ 2.7, ಸಿಟ್ರಿಕ್ ಆಮ್ಲ 1.15, ಆರಂಭದ ಪಿಎಚ್ 6. ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಕ್ರಿಮಿಶುದ್ಧಿ) ಆಗಿ ತಣಿದ ಮೇಲೆ ಶೇ. 1ರಷ್ಟು ಎಥನಾಲ್ ಸೇರಿಸಿ.

ಆಮ್ಲಜನಕ ಸಿಗುವುದು ಮೇಲ್ಮೈಯಲ್ಲಿ, ಹಾಗಾಗಿ ಆಳದ ಫ್ಲಾಸ್ಕ್ ಬೇಡ. ಅಗಲ ತಟ್ಟೆಯಲ್ಲಿ 2 ಸೆಂ.ಮೀ. ದ್ರವ, 30 ಡಿಗ್ರಿ ಸೆಲ್ಸಿಯಸ್, 7ರಿಂದ 10 ದಿನ. ಹಾಲಿನ ಕೆನೆಯಂತೆ ಪದರ ಕಟ್ಟುತ್ತದೆ. ಇಣುಕಲೆಂದು ತಟ್ಟೆ ಅಲುಗಿಸಿದಿರೋ, ಅದು ಮುಳುಗಿ ಮೇಲೆ ಇನ್ನೊಂದು ತೆಳುಪದರ ಶುರುವಾಗುತ್ತದೆ. ಕುಲುಕಿ ಬೆಳೆಸಿದರೆ ಹಾಳೆಯ ಬದಲು ಉಂಡೆಗಳು, ಜೊತೆಗೆ ಸೆಲ್ಯುಲೋಸ್ ಮಾಡದ ರೂಪಾಂತರಿಗಳ ಕಾಟ.

ತೊಳೆಯುವುದರಲ್ಲಿ ಜಿಪುಣತನ ಬೇಡ. 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡಿನಲ್ಲಿ (ಲೀಟರಿಗೆ 4 ಗ್ರಾಂ) 80 ಡಿಗ್ರಿಯಲ್ಲಿ ಒಂದು ಗಂಟೆ. ಹಳದಿ ಹೋಗದಿದ್ದರೆ ಮತ್ತೊಮ್ಮೆ. ಆಮೇಲೆ ಪಿಎಚ್ 7 ಆಗುವವರೆಗೆ ಶುದ್ಧ ನೀರು. ಬೆಳ್ಳಗಾಯಿತೆಂದು ನಂಬಬೇಡಿ: ಈ ಬ್ಯಾಕ್ಟೀರಿಯಾ ಗ್ರಾಂ-ನೆಗೆಟಿವ್ ಗುಂಪಿನದು, ಅದರ ಹೊರಪೊರೆಯ ಎಂಡೋಟಾಕ್ಸಿನ್ (ಜ್ವರ, ಉರಿಯೂತ ತರುವ ವಿಷಾಂಶ) ಉಳಿದಿರಬಹುದು, ಆಟೋಕ್ಲೇವ್‌ಗೆ ಅದು ಜಗ್ಗುವುದಿಲ್ಲ. ಎಲ್‌ಎಎಲ್ ಪರೀಕ್ಷೆ (ಎಂಡೋಟಾಕ್ಸಿನ್ ಪತ್ತೆಹಚ್ಚುವುದು) ಮಾಡಿಸಿ.